ಹುಡುಗಿ ಹಾಲು ಕುಡಿಯುವ, ಬೆಕ್ಕುಗಳಿರುವ ಹಳೇ ಫ್ರೆಂಚ್ ಪೋಸ್ಟರ್ ಯಾರದು?

ಅದು ಚಿತ್ರಕಾರ ಸ್ಟೈನ್ಲೆನ್ 1894ರಲ್ಲಿ ಬರೆದದ್ದು. ಅವನು ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ, ಬದುಕಿದ್ದು ಪ್ಯಾರಿಸ್ಸಿನ ಮೊಂಮಾರ್ತ್ರ್‌ನಲ್ಲಿ. ಕುದಿಸಿ ಶುದ್ಧ ಮಾಡಿದ ಹಾಲಿನ ಜಾಹೀರಾತು, ಆದರೆ ಹಾಲು ಕಾಣುವುದೇ ಇಲ್ಲ ನೋಡಿ! ಕೆಂಪು ಫ್ರಾಕಿನ ಹುಡುಗಿ (ಅವನ ಮಗಳು ಕೊಲೆಟ್) ಬಟ್ಟಲು ಬಾಯಿಗಿಟ್ಟಿದ್ದಾಳೆ, ಕೆಳಗೆ ಮೂರು ಬೆಕ್ಕು ಕತ್ತೆತ್ತಿ ಆಸೆಯಿಂದ ನೋಡುತ್ತಿವೆ, ಅಡುಗೆಮನೆಯಲ್ಲಿ ನಮ್ಮ ಬೆಕ್ಕುಗಳೂ ಹೀಗೇ ಅಲ್ವಾ. ಅಷ್ಟೇ ಸಾಕು, ಹಾಲು ಚೆನ್ನಾಗಿದೆ ಅಂತ ಬೇರೆ ಹೇಳಬೇಕಿಲ್ಲ.

ಇದು ಕಲ್ಲಚ್ಚು. ಕಲ್ಲಿನ ಮೇಲೆ ಬರೆದು, ಒಂದೊಂದು ಬಣ್ಣಕ್ಕೂ ಬೇರೆ ಕಲ್ಲಿಟ್ಟು ಒತ್ತುತ್ತಿದ್ದರು. ಅದಕ್ಕೇ ಬಣ್ಣ ಕಡಿಮೆ.

ಇಷ್ಟವಾದರೆ ಇವನದೇ 1896ರ ‘ಬೀದಿ’ ಪೋಸ್ಟರನ್ನೂ ನೋಡಿ. ಆರು ಹಾಳೆ ಜೋಡಿಸಿದ ದೊಡ್ಡ ಚಿತ್ರ, ಅದರಲ್ಲೂ ಕೊಲೆಟ್ ಇದ್ದಾಳೆ. ನನಗಂತೂ ಬೆಕ್ಕುಗಳದ್ದೇ ಜಾಸ್ತಿ ಇಷ್ಟ.