ಡಿಫೆನ್ಸ್ ಬದಲಾದಾಗ ಹಳೇದನ್ನು ಬಿಡುವುದೇ ದೊಡ್ಡ ಕೆಲಸ

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ಮಗ ಅಮೆರಿಕದ ಹೈಸ್ಕೂಲಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆ, ಲೈನ್‌ಬ್ಯಾಕರ್, ಅಂದರೆ ಎದುರಿನವರನ್ನು ತಡೆಯುವವರಲ್ಲಿ ಎರಡನೇ ಸಾಲಿನವನು. ಎರಡು ವರ್ಷ 4-3 ಅನ್ನುವ ಡಿಫೆನ್ಸ್ (ತಡೆಯಲು ನಿಲ್ಲುವ ಕ್ರಮ) ಆಡಿದ್ದ. ಈಗ ಹೊಸ ಕೋಚ್ ಬಂದು 3-4 ತಂದಿದ್ದಾರೆ. ಚೆನ್ನಾಗಿ ಆಡುತ್ತಿದ್ದ ಹುಡುಗ ದಿನಾ ಮುಖ ಸಪ್ಪೆ ಮಾಡಿಕೊಂಡು ಬರುತ್ತಾನೆ, ಈ ಆಟದ ಗಂಧಗಾಳಿ ಇಲ್ಲದ ನಾವು ಏನು ಮಾಡಬಹುದು ಅಂತ ಕೇಳಿದ್ದೀರಿ.

ನನಗೂ ಇದೇ ಆಗಿತ್ತು. ಮಂಡ್ಯದಿಂದ 13ನೇ ವಯಸ್ಸಿಗೆ ಪೆನ್ಸಿಲ್ವೇನಿಯಾಕ್ಕೆ ಬಂದವನು ನಾನು. ಹೈಸ್ಕೂಲಿನಲ್ಲಿ ಲೈನ್‌ಬ್ಯಾಕರ್ ಆಡಿದೆ. ಸರಿಯಾಗಿ ಕೊನೇ ವರ್ಷ ನಮ್ಮ ಡಿಫೆನ್ಸ್ ಪೂರ್ತಿ ಬದಲಾಯಿತು. ಈಗ ನಮ್ಮ ಬಡಾವಣೆಯ ಶಾಲೆಯಲ್ಲಿ ಸಂಜೆ ಹೊತ್ತು ಹುಡುಗರಿಗೆ ಹೇಳಿಕೊಡಲು ಹೋಗುತ್ತೇನೆ. ಪ್ರತಿ ವರ್ಷ ನಿಮ್ಮ ಮಗನಂಥ ಒಬ್ಬಿಬ್ಬರನ್ನು ನೋಡುತ್ತೇನೆ.

ಮೊದಲು ಅವನ ಕಷ್ಟ ಏನು ಅಂತ ನಿಮಗೆ ಗೊತ್ತಾಗಬೇಕು. 4-3 ಅಂದರೆ ಮುಂದೆ ನಾಲ್ಕು ಜನ ಲೈನ್‌ಮನ್, ಹಿಂದೆ ಮೂವರು ಲೈನ್‌ಬ್ಯಾಕರ್. 3-4 ಅಂದರೆ ಮುಂದೆ ಮೂವರು, ಹಿಂದೆ ನಾಲ್ವರು. ಒಬ್ಬ ಮುಂದಿನಿಂದ ಹಿಂದಕ್ಕೆ ಬಂದ, ಅಷ್ಟೇ ತಾನೇ ಅಂತ ಅನ್ನಿಸುತ್ತದೆ. ಅಷ್ಟೇ ಅಲ್ಲ. ಎದುರು ತಂಡದ ಐದು ಜನ ಧಡೂತಿ ಹುಡುಗರು ಸಾಲಾಗಿ ನಿಲ್ಲುತ್ತಾರೆ. ನಡುವೆ ಸೆಂಟರ್, ಅವನ ಆಚೆ ಈಚೆ ಗಾರ್ಡ್‌ಗಳು, ಅವರ ಪಕ್ಕ ಟ್ಯಾಕಲ್‌ಗಳು. ಇವರ ಮಧ್ಯದ ಸಂದಿಗಳಿಗೆ ಗ್ಯಾಪ್ ಅಂತಾರೆ. ಸೆಂಟರ್ ಮತ್ತು ಗಾರ್ಡ್ ನಡುವಿನದು ಎ, ಗಾರ್ಡ್ ಮತ್ತು ಟ್ಯಾಕಲ್ ನಡುವಿನದು ಬಿ, ಟ್ಯಾಕಲ್‌ನ ಆಚೆ ಸಿ. ಚೆಂಡು ಹಿಡಿದವನು ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ನುಗ್ಗುತ್ತಾನೆ.

ನಾವು ಮೊದಲು ಆಡುತ್ತಿದ್ದ 4-3ರಲ್ಲಿ ಒಬ್ಬೊಬ್ಬನಿಗೆ ಒಂದೊಂದು ಗ್ಯಾಪ್. ನನ್ನದು ಬಿ. ಚೆಂಡು ಆ ಕಡೆ ಹೊರಟಿತು ಅಂದರೆ ಹಿಂದೆ ಮುಂದೆ ನೋಡದೆ ನುಗ್ಗುವುದು. ಹೊಸ 3-4ರಲ್ಲಿ ನಮ್ಮ ಎಂಡ್ (ಮುಂದಿನ ಮೂವರಲ್ಲಿ ತುದಿಯವನು) ಎದುರಿನ ಟ್ಯಾಕಲ್‌ಗೆ ಎದೆಗೆ ಎದೆ ಕೊಟ್ಟು ನಿಲ್ಲುತ್ತಿದ್ದ. ಬಿ, ಸಿ ಎರಡನ್ನೂ ಅವನೇ ನೋಡಿಕೊಳ್ಳಬೇಕು. ಅವನು ಯಾವ ಕಡೆ ಮುಚ್ಚುತ್ತಾನೋ ನೋಡಿ, ನಾನು ಇನ್ನೊಂದು ಕಡೆ ತುಂಬಬೇಕು. ಅಂದರೆ ಅರ್ಧ ಕ್ಷಣ ಕಾಯಬೇಕು. (ಎಲ್ಲಾ 3-4 ಹೀಗಿರುವುದಿಲ್ಲ. 3-4 ಥರ ನಿಂತು ಒಬ್ಬನಿಗೆ ಒಂದೇ ಗ್ಯಾಪ್ ಕೊಡುವ ಕೋಚ್‌ಗಳೂ ಇದ್ದಾರೆ. ಮಗ ಮೊದಲು ಕೇಳಿಕೊಳ್ಳಬೇಕಾದ್ದು ಇದನ್ನೇ.)

ಆಗಸ್ಟ್‌ನಲ್ಲಿ ಪಕ್ಕದ ಊರಿನ ತಂಡದ ಜೊತೆ ಒಂದು ಪ್ರಾಕ್ಟೀಸ್ ಮ್ಯಾಚ್ ಇತ್ತು. ಹೊಸ ಡಿಫೆನ್ಸ್‌ನ ಪುಸ್ತಕ ನನಗೆ ಬಾಯಿಪಾಠ. ಬರೆಸಿದ್ದರೆ ನೂರಕ್ಕೆ ನೂರು ಬರುತ್ತಿತ್ತು. ಮೂರನೇ ಪ್ಲೇನಲ್ಲೇ, ಅಂದರೆ ಮೂರನೇ ಸಲ ಚೆಂಡು ಹೊರಟಾಗಲೇ, ಅದು ನನ್ನ ಕಡೆ ಬಂತು. ತಲೆಗೆ ಗೊತ್ತಿತ್ತು, ಕಾಯಬೇಕು ಅಂತ. ಕಾಲು ಕೇಳಲಿಲ್ಲ. ಎರಡು ವರ್ಷದ ಅಭ್ಯಾಸದಂತೆ ಬಿ ಒಳಗೆ ನುಗ್ಗಿದೆ. ಅಲ್ಲಿ ಆಗಲೇ ನಮ್ಮ ಎಂಡ್ ಟ್ಯಾಕಲ್‌ನನ್ನು ತಳ್ಳಿಕೊಂಡು ಬಂದಿದ್ದ. ಅವನ ಬೆನ್ನಿಗೆ ನನ್ನ ಹೆಲ್ಮೆಟ್ ಬಡಿಯಿತು. ಒಂದೇ ಸಂದಿಯಲ್ಲಿ ನಾವಿಬ್ಬರು, ಪಕ್ಕದ ಸಿ ಬಾಗಿಲು ತೆರೆದಂತೆ ಖಾಲಿ. ತಿರುಗಿ ನೋಡುವಷ್ಟರಲ್ಲಿ ಓಡುವವನ ಬೆನ್ನು ಮಾತ್ರ ಕಾಣುತ್ತಿತ್ತು.

ಊರಲ್ಲಿ ಕಬಡ್ಡಿ ಆಡುವಾಗ ಇದನ್ನೇ ಬೈದು ಬೈದು ಕಲಿಸಿದ್ದರು. ಚೈನ್ ಹಿಡಿದು ನಿಂತಾಗ ಒಬ್ಬ ಮುಂಚೆ ನುಗ್ಗಿದರೆ ರೈಡರ್ ಅವನು ಬಿಟ್ಟ ಜಾಗದಲ್ಲೇ ತಪ್ಪಿಸಿಕೊಳ್ಳುತ್ತಾನೆ. ಅವತ್ತು ರಾತ್ರಿ ಅದು ನೆನಪಾದ ಮೇಲೆ ಹೊಸ ಡಿಫೆನ್ಸ್ ನನಗೆ ಸ್ವಲ್ಪ ಸ್ವಲ್ಪವಾಗಿ ಅರ್ಥವಾಗತೊಡಗಿತು. ಅಲ್ಲಿವರೆಗೆ ಪುಸ್ತಕದಲ್ಲಿ ನನ್ನ ಕೆಲಸವನ್ನು ಮಾತ್ರ ಓದುತ್ತಿದ್ದೆ. ಓದಬೇಕಾಗಿದ್ದು ನನ್ನ ಮುಂದೆ ನಿಂತವನದ್ದು, ಹಿಂದೆ ನಿಂತವನದ್ದು. ಅವನು ಅಲ್ಲಿರುತ್ತಾನೆ ಎಂಬ ನಂಬಿಕೆ ಬಂದರೆ ಮಾತ್ರ ಕಾಯುವ ಧೈರ್ಯ ಬರುತ್ತದೆ.

ಇನ್ನೊಂದು ಸಂಗತಿ ಹುಡುಗರು ಮನೆಯಲ್ಲಿ ಹೇಳುವುದಿಲ್ಲ. ಮುಂದೆ ಮೂವರೇ ಇರುವುದರಿಂದ ಎದುರಿನ ಗಾರ್ಡ್‌ಗಳ ಮುಂದೆ ಯಾರೂ ಇರುವುದಿಲ್ಲ. ಅವರು ನೇರವಾಗಿ ಒಳಗಿನ ಲೈನ್‌ಬ್ಯಾಕರ್‌ಗಳ ಮೇಲೆ ಬರುತ್ತಾರೆ. ನನಗಿಂತ ಎಷ್ಟೋ ದಪ್ಪ ಇದ್ದವರು! ಮೊದಲ ಎರಡು ವಾರ ನನ್ನ ಹೆಗಲು ನೀಲಿಗಟ್ಟಿತ್ತು. ಗೊಂದಲದಲ್ಲಿರುವ ಹುಡುಗ ನೆಟ್ಟಗೆ ನಿಂತುಬಿಡುತ್ತಾನೆ, ಆಗ ಏಟು ಜಾಸ್ತಿ. ಮೊಣಕಾಲು ಬಗ್ಗಿಸಿ, ಕೈ ಮುಂದೆ ಚಾಚಿ, ತಲೆ ಎತ್ತಿ ಎದುರಿಸುವುದನ್ನು ಮತ್ತೆ ಮೊದಲಿನಿಂದ ಅಭ್ಯಾಸ ಮಾಡಬೇಕು. ಮೈಕೈ ನೋವು ಅಂದರೆ ಸುಮ್ನೆ ನೆಪ ಅಂದುಕೊಳ್ಳಬೇಡಿ.

ದೊಡ್ಡವರಿಗೂ ಇದು ಸುಲಭವಲ್ಲ ಅಂತ ಅವನಿಗೆ ತೋರಿಸಿ. ಎನ್‌ಎಫ್‌ಎಲ್ ಅನ್ನುವ ವೃತ್ತಿಪರ ಲೀಗ್‌ನಲ್ಲಿ ಆಡುವ ನಮ್ಮ ಫಿಲಡೆಲ್ಫಿಯಾ ಈಗಲ್ಸ್ ತಂಡವನ್ನೇ ತೆಗೆದುಕೊಳ್ಳಿ. 2023ರಲ್ಲಿ ಮೊದಲ 11 ಪಂದ್ಯಗಳಲ್ಲಿ 10 ಗೆದ್ದಿದ್ದರು. ಸೀಸನ್ ನಡುವೆ ಡಿಫೆನ್ಸ್ ನಡೆಸುವ ಕೋಚ್ ಬದಲಾದರು. ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್ ಪಂದ್ಯ) ಸೇರಿ ಕೊನೆಯ ಏಳರಲ್ಲಿ ಆರು ಸೋತರು. ಅದೊಂದೇ ಕಾರಣ ಅಲ್ಲ, ಕುಸಿತ ಮೊದಲೇ ಶುರುವಾಗಿತ್ತು. ಆದರೆ ನಡುದಾರಿಯಲ್ಲಿ ಬದಲಾಯಿಸಿ ಏನೂ ಸರಿಹೋಗಲಿಲ್ಲ ಅನ್ನುವುದಂತೂ ಕಣ್ಣಿಗೆ ಕಾಣುತ್ತಿತ್ತು.

2024ಕ್ಕೆ ಡಿಫೆನ್ಸ್ ಕೋಚ್ ಆಗಿ ವಿಕ್ ಫ್ಯಾಂಜಿಯೋ ಬಂದರು. ನಮ್ಮ ಪೆನ್ಸಿಲ್ವೇನಿಯಾದ ಡನ್‌ಮೋರ್‌ನವರು, ಡಿಫೆನ್ಸ್ ವಿಷಯದಲ್ಲಿ ಪಳಗಿದ ಕೈ. ಅವರ ಪದ್ಧತಿಯಲ್ಲಿ ಇಬ್ಬರು ಸೇಫ್ಟಿಗಳು (ಎಲ್ಲರಿಗಿಂತ ಹಿಂದೆ ಕಾಯುವವರು) ಹಿಂದೆ ಒಂದೇ ಥರ ನಿಂತಿರುತ್ತಾರೆ. ಚೆಂಡು ಕದಲಿದ ಮೇಲಷ್ಟೇ ಯಾರು ಎಲ್ಲಿಗೆ ಹೋಗುತ್ತಾರೆ ಅಂತ ಎದುರು ತಂಡದಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಗೊತ್ತಾಗುವುದು. ಹನ್ನೊಂದು ಜನರೂ ಒಂದೇ ಮನಸ್ಸಿನಲ್ಲಿ ಇಲ್ಲದಿದ್ದರೆ ಇದು ನಡೆಯುವುದಿಲ್ಲ. ಮೊದಲ ನಾಲ್ಕು ಪಂದ್ಯದಲ್ಲಿ ಎರಡು ಗೆಲುವು, ಎರಡು ಸೋಲು. ಆಮೇಲೆ ಒಂದು ವಾರ ರಜೆ. ಅಲ್ಲಿಂದ ಮುಂದೆ 13ರಲ್ಲಿ 12 ಗೆದ್ದರು. ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ವಿರುದ್ಧ 40-22ರಿಂದ ಗೆದ್ದರು.

ಅದೇ ತಂಡದ ಲೈನ್‌ಬ್ಯಾಕರ್ ಝ್ಯಾಕ್ ಬಾನ್ ಕಥೆ ನಿಮ್ಮ ಮಗನಿಗೆ ಹೇಳಿ. ನ್ಯೂ ಆರ್ಲಿಯನ್ಸ್‌ನಲ್ಲಿ ನಾಲ್ಕು ವರ್ಷ ಇದ್ದ, ಸಾಲಿನ ಅಂಚಿನಲ್ಲಿ ಆಡುತ್ತಿದ್ದ, ಹೆಚ್ಚಾಗಿ ಸ್ಪೆಷಲ್ ಟೀಮ್‌ಗೆ (ಚೆಂಡು ಒದೆಯುವ ಹೊತ್ತಿಗೆ ಇಳಿಯುವ ಗುಂಪು) ಬಳಸುತ್ತಿದ್ದರು. ಈಗಲ್ಸ್ ಅವನನ್ನು ಒಂದೇ ವರ್ಷದ ಒಪ್ಪಂದಕ್ಕೆ ತಂದರು. ಫ್ಯಾಂಜಿಯೋ ಅವನನ್ನು ಒಳಗಿನ ಲೈನ್‌ಬ್ಯಾಕರ್ ಮಾಡಿದರು. ಹೊಸ ಊರು, ಹೊಸ ಜಾಗ, ಹೊಸ ಪದ್ಧತಿ. ಅದೇ ವರ್ಷ ಆಲ್-ಪ್ರೋ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರರ, ಮೊದಲ ತಂಡಕ್ಕೆ ಆಯ್ಕೆಯಾದ. ಸೂಪರ್ ಬೌಲ್‌ನಲ್ಲಿ ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಎಸೆದ ಚೆಂಡನ್ನು ನಡುವೆಯೇ ಹಿಡಿದ. ನಾನು ಟಿವಿ ಮುಂದೆ ಎದ್ದು ನಿಂತು ಕೂಗಿದ್ದೆ.

ಇನ್ನು ಭಾಷೆ. ಲೈನ್‌ಬ್ಯಾಕರ್‌ಗಳ ಜಾಗಕ್ಕೆ ಅದೇ ಮೈಕ್, ವಿಲ್, ಸ್ಯಾಮ್ ಅನ್ನುವ ಹೆಸರುಗಳೇ ಇರುತ್ತವೆ, ಆದರೆ ಹೊಸ ಕೋಚ್ ಬಾಯಲ್ಲಿ ಅವರ ಕೆಲಸ ಬೇರೆ. ಎನ್‌ಎಫ್‌ಎಲ್‌ನಲ್ಲಿ 2008ರಿಂದ ಡಿಫೆನ್ಸ್‌ನ ಒಬ್ಬನ ಹೆಲ್ಮೆಟ್‌ನಲ್ಲಿ ಕೋಚ್ ಮಾತು ಕೇಳಿಸಲು ಸ್ಪೀಕರ್ ಇದೆ, ಹಿಂಬದಿಯಲ್ಲಿ ಹಸಿರು ಚುಕ್ಕೆ ಅಂಟಿಸಿರುತ್ತಾರೆ. ನಾವು ಆಡುವಾಗ ಕೋಚ್ ಕೈಸನ್ನೆ ಮಾಡುತ್ತಿದ್ದರು, ನಾವು ಮಣಿಕಟ್ಟಿನ ಪಟ್ಟಿಯಲ್ಲಿ ನಂಬರ್ ಹುಡುಕುತ್ತಿದ್ದೆವು. ಅಷ್ಟರಲ್ಲಿ ಎದುರಿನವರು ಜಾಗ ಬದಲಾಯಿಸಿರುತ್ತಿದ್ದರು. ಆಗ ಯಾರಾದರೂ ಒಬ್ಬ ಕೂಗಲೇಬೇಕು. ತಪ್ಪೋ ಸರಿಯೋ, ಜೋರಾಗಿ. ಎಲ್ಲರೂ ಒಂದೇ ತಪ್ಪು ಮಾಡಿದರೆ ಸುಧಾರಿಸಿಕೊಳ್ಳಬಹುದು. ಒಬ್ಬೊಬ್ಬ ಒಂದೊಂದು ಥರ ಆಡಿದರೆ ಆಗಲ್ಲ. ಗೊಂದಲ ಆದಾಗ ಹುಡುಗರು ಬಾಯಿ ಮುಚ್ಚಿಕೊಳ್ಳುತ್ತಾರೆ, ಅಲ್ಲೇ ಅರ್ಧ ಕೆಡುವುದು.

ಹಾಗಾದರೆ ಮನೆಯಲ್ಲಿ ನೀವು ಏನು ಮಾಡಬಹುದು? ನಮ್ಮ ಮನೆಯಲ್ಲಿ ಆಗಿದ್ದನ್ನು ಹೇಳುತ್ತೇನೆ. ನಮ್ಮಪ್ಪನಿಗೆ ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿರಲಿಲ್ಲ. ಆ ಪ್ರಾಕ್ಟೀಸ್ ಮ್ಯಾಚ್ ಆದ ಮಾರನೇ ದಿನ ಬಾಗಿಲ ಹತ್ತಿರದ ಚಪ್ಪಲಿ, ಶೂ ಎಲ್ಲಾ ತಂದು ಹಾಲ್‌ನಲ್ಲಿ ಸುರಿದರು. ಶೂಗಳು ಎದುರು ತಂಡ, ಚಪ್ಪಲಿಗಳು ನಾವು. "ಇದು ಯಾರು? ಇವನ ಕೆಲಸ ಏನು?" ಅಂತ ಒಂದೊಂದನ್ನೂ ಮುಟ್ಟಿ ಕೇಳಿದರು. ನನ್ನ ಚಪ್ಪಲಿ ಬಗ್ಗೆ ಪಟಪಟ ಹೇಳಿದೆ. ಪಕ್ಕದ್ದಕ್ಕೆ ಬಂದಾಗ ತಡವರಿಸಿದೆ. ಹನ್ನೊಂದರಲ್ಲಿ ಐದಕ್ಕೆ ಮಾತ್ರ ಉತ್ತರ ಬಂತು.

ಅಲ್ಲಿಂದ ದಿನಾ ರಾತ್ರಿ ಊಟ ಆದಮೇಲೆ ಹದಿನೈದು ನಿಮಿಷ. ನಾನು ಚೀಟಿಯಲ್ಲಿ ಫಾರ್ಮೇಶನ್ (ಎದುರು ತಂಡ ನಿಲ್ಲುವ ರೀತಿ) ಹೆಸರು ಬರೆದುಕೊಟ್ಟಿದ್ದೆ. ಅಪ್ಪ ಒಂದನ್ನು ಎತ್ತಿ "ಟ್ರಿಪ್ಸ್ ರೈಟ್" (ಚೆಂಡು ಹಿಡಿಯುವ ಮೂವರು ಬಲಗಡೆ) ಅಂತ ಓದುತ್ತಿದ್ದರು. ನಾನು ಶೂಗಳನ್ನು ಹಾಗೆ ಜೋಡಿಸಿ, ನಮ್ಮ ಡಿಫೆನ್ಸ್‌ನ ಸೂಚನೆ ಜೋರಾಗಿ ಕೂಗಿ, ಚಪ್ಪಲಿಗಳನ್ನು ಸರಿಸಿ, ಆಮೇಲೆ ಎದ್ದು ನಿಂತು ನನ್ನ ಮೊದಲ ಎರಡು ಹೆಜ್ಜೆ ಹಾಕಿ ತೋರಿಸಬೇಕು. ಆ ಎರಡು ಹೆಜ್ಜೆ ಮುಖ್ಯ, ತಪ್ಪಿಸಬೇಡಿ. ಕೂತು ಓದಿದ್ದು ಕಾಲಿಗೆ ಇಳಿಯುವುದಿಲ್ಲ. ಅಪ್ಪನಿಗೆ ಸರಿ ತಪ್ಪು ಗೊತ್ತಾಗುತ್ತಿರಲಿಲ್ಲ, ಆದರೆ ನಾನು ತಡವರಿಸಿದ್ದು ಗೊತ್ತಾಗುತ್ತಿತ್ತು. ತಡವರಿಸಿದ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಮಾರನೇ ದಿನ ಮೊದಲು ಅದನ್ನೇ ತೆಗೆಯುತ್ತಿದ್ದರು.

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಒಂದು ಶುಕ್ರವಾರ ರಾತ್ರಿ ಅದೇ ಪ್ಲೇ ಮತ್ತೆ ನನ್ನ ಕಡೆ ಬಂತು. ಎಂಡ್ ಒಳಕ್ಕೆ ಮುಚ್ಚಿದ. ನಾನು ಕಾದೆ. ಸಿ ಗ್ಯಾಪ್‌ನಲ್ಲಿ ಓಡುವವನೂ ನಾನೂ ಎದುರಾದೆವು, ಎರಡು ಯಾರ್ಡ್‌ಗೆ ಕೆಡವಿದೆ. ಮನೆಗೆ ಬಂದರೆ ಅಪ್ಪ ಜೇಬಿನಿಂದ ಚೀಟಿ ತೆಗೆದು ಅದೇನಾ ಅಂತ ಕೇಳಿದರು. ಅದೇ ಆಗಿತ್ತು.

ಇವತ್ತೇ ಶುರು ಮಾಡಿ. ಹನ್ನೊಂದು ಚಪ್ಪಲಿ, ಹನ್ನೊಂದು ಶೂ ಸಾಕು. ಯಾವ ಫಾರ್ಮೇಶನ್‌ನಲ್ಲಿ ತಡವರಿಸುತ್ತಾನೆ ಅಂತ ಗೊತ್ತಾದರೆ ಕೆಳಗೆ ಬರೆಯಿರಿ, ಅದರ ಬಗ್ಗೆ ಇನ್ನೂ ವಿವರವಾಗಿ ಹೇಳುತ್ತೇನೆ.