ಗೋಬರ್ ಗ್ಯಾಸ್‌ಗೆ ಮೆಂಬ್ರೇನ್ ಹಾಕಿ ಪಿಕಪ್ ಓಡಿಸಬಹುದೇ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಹಳ್ಳಿ. ಕೊಟ್ಟಿಗೆಯಲ್ಲಿ 40 ಮಿಶ್ರತಳಿ ಹಸುಗಳಿವೆ. ಗೋಬರ್ ಗ್ಯಾಸ್ ಅಡುಗೆಗೆ ಬಳಸಿದ ಮೇಲೂ ತುಂಬಾ ಉಳಿಯುತ್ತದೆ. ಮೆಂಬ್ರೇನ್ ಹಾಕಿ ಕಾರ್ಬನ್ ಡೈಆಕ್ಸೈಡ್ ತೆಗೆದರೆ ನಮ್ಮ ಸಿಎನ್‌ಜಿ ಪಿಕಪ್‌ಗೇ ತುಂಬಬಹುದು ಎಂದು ಒಬ್ಬರು ಹೇಳುತ್ತಿದ್ದಾರೆ. ಇದು ನೀರಿನ ಆರ್‌ಒ ತರಹವೇ? ನಮಗೆ ಆಗಿಬರುತ್ತದಾ?

ಉತ್ತರ: ಅವರು ಹೇಳಿದ್ದು ಸುಳ್ಳಲ್ಲ. ಆದರೆ ದುಡ್ಡು ಕೊಡುವ ಮುಂಚೆ ಸ್ವಲ್ಪ ಲೆಕ್ಕ ಹಾಕೋಣ.

ಒಂದು ಹಸುವಿಗೆ ದಿನಕ್ಕೆ 15 ಕೆ.ಜಿ. ಸಗಣಿ ಎಂದರೆ ಒಟ್ಟು 600 ಕೆ.ಜಿ. ಒಂದು ಕೆ.ಜಿ.ಗೆ ಸುಮಾರು 40 ಲೀಟರ್ ಗ್ಯಾಸ್ ಬರುತ್ತದೆ. ಅಂದರೆ ದಿನಕ್ಕೆ 24 ಘನ ಮೀಟರ್. ಅದರಲ್ಲಿ ಉರಿಯುವ ಮೀಥೇನ್ ಶೇ 60ರಷ್ಟು. ಉಳಿದದ್ದು ಬಹುತೇಕ ಕಾರ್ಬನ್ ಡೈಆಕ್ಸೈಡ್. ಎಲ್ಲವನ್ನೂ ಶುದ್ಧ ಮಾಡಿದರೂ ಕೈಗೆ ಸಿಗುವುದು 9-10 ಕೆ.ಜಿ. ಇಂಧನ. ಅಡುಗೆಗೆ ಹೋಗುವುದನ್ನು ಇದರಲ್ಲೇ ಕಳೆಯಬೇಕು.

ಇನ್ನು ಮೆಂಬ್ರೇನ್, ಅಂದರೆ ಗ್ಯಾಸ್‌ಗಳನ್ನು ಬೇರ್ಪಡಿಸುವ ತೆಳು ಪೊರೆ. ಆರ್‌ಒದಲ್ಲಿ ಹಾಳೆ ಸುತ್ತಿರುತ್ತದೆ, ಇದರಲ್ಲಿ ಸಾಮಾನ್ಯವಾಗಿ ಎಳೆಗಳಿರುತ್ತವೆ. ಒಂದು ಕೊಳವೆಯೊಳಗೆ ಸಣ್ಣ ಶಾವಿಗೆ ತುಂಬಿದ ಹಾಗೆ ಸಾವಿರಾರು ಎಳೆಗಳು, ಪ್ರತಿ ಎಳೆಯ ಒಳಗೂ ಟೊಳ್ಳು. ಪಾಲಿಇಮೈಡ್‌ನಂಥ ಪ್ಲಾಸ್ಟಿಕ್‌ನಿಂದ ಮಾಡಿರುತ್ತಾರೆ. 10 ಬಾರ್ ಆಸುಪಾಸಿನ ಒತ್ತಡದಲ್ಲಿ ಗ್ಯಾಸ್ ಒಳಗೆ ಬಿಟ್ಟರೆ, ಕಾರ್ಬನ್ ಡೈಆಕ್ಸೈಡ್ ಆ ಎಳೆಯ ಗೋಡೆಯಲ್ಲಿ ಕರಗಿ ಬೇಗ ಆಚೆ ಜಿನುಗುತ್ತದೆ. ಮೀಥೇನ್ ಅಷ್ಟು ಸುಲಭಕ್ಕೆ ಕರಗುವುದಿಲ್ಲ, ಅದರ ಅಣುವೂ ಸ್ವಲ್ಪ ದಪ್ಪ. ಹಾಗಾಗಿ ಒಳಗೇ ಉಳಿದು ಇನ್ನೊಂದು ತುದಿಯಲ್ಲಿ ಬರುತ್ತದೆ.

ಆದರೆ ಮೀಥೇನ್ ಪೂರ್ತಿ ಉಳಿಯುವುದಿಲ್ಲ, ತೊಂದರೆ ಇರುವುದೇ ಇಲ್ಲಿ. ವಾಹನಕ್ಕೆ ಹಾಕುವ ಗ್ಯಾಸ್‌ನಲ್ಲಿ ಕನಿಷ್ಠ ಶೇ 90 ಮೀಥೇನ್ ಇರಬೇಕೆಂದು ನಮ್ಮ ದೇಶದ ಐಎಸ್ 16087 ಮಾನದಂಡ ಹೇಳುತ್ತದೆ. ಒಂದೇ ಹಂತದಲ್ಲಿ ಆ ಮಟ್ಟ ಮುಟ್ಟಲು ಹೋದರೆ ಒಳ್ಳೆಯ ಗ್ಯಾಸ್ ಕೂಡ ಸಾಕಷ್ಟು ಆಚೆ ಹೋಗಿಬಿಡುತ್ತದೆ. ಗಾಳಿಗೆ ಸೇರಿದ ಮೀಥೇನ್, ನೂರು ವರ್ಷದ ಲೆಕ್ಕದಲ್ಲಿ, ಕಾರ್ಬನ್ ಡೈಆಕ್ಸೈಡ್‌ಗಿಂತ 25 ಪಟ್ಟಿಗೂ ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಅದಕ್ಕೇ ದೊಡ್ಡ ಘಟಕಗಳಲ್ಲಿ ಎರಡು-ಮೂರು ಹಂತ ಇಟ್ಟು, ಜಿನುಗಿದ್ದನ್ನು ಮತ್ತೆ ಕಂಪ್ರೆಸರ್‌ಗೆ ತಿರುಗಿಸುತ್ತಾರೆ. ಹಾಗೆ ಮಾಡಿದರೆ ನಷ್ಟ ಶೇ 1ಕ್ಕಿಂತ ಕೆಳಗೆ ಇಳಿಯುತ್ತದೆ. ಅಂಥ ಘಟಕಗಳು ಗಂಟೆಗೆ ಹತ್ತಾರು, ನೂರಾರು ಘನ ಮೀಟರ್ ಗ್ಯಾಸ್ ಇರುವ ಕಡೆಗೆ. ನಿಮ್ಮದು ಗಂಟೆಗೆ ಒಂದೇ ಘನ ಮೀಟರ್. ಮೇಲೆ ಸಿಲಿಂಡರ್ ತುಂಬಲು 200 ಬಾರ್ ಕಂಪ್ರೆಸರ್ ಬೇರೆ ಬೇಕು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈ ಗ್ಯಾಸನ್ನು ಎಲ್‌ಪಿಜಿ ಸಿಲಿಂಡರ್‌ಗೆ ತುಂಬಿಸಲು ಯಾರು ಬಂದರೂ ಒಪ್ಪಬೇಡಿ. ಮೀಥೇನ್ ನಮ್ಮ ಹವೆಯಲ್ಲಿ ಎಷ್ಟು ಒತ್ತಿದರೂ ದ್ರವ ಆಗುವುದಿಲ್ಲ. ಆ ಸಿಲಿಂಡರ್ ಅಷ್ಟು ಒತ್ತಡ ತಡೆಯುವುದೂ ಇಲ್ಲ.

ಹಾಗಾಗಿ ಈಗ ಮೆಂಬ್ರೇನ್ ಬೇಡ. ಅಕ್ಕಪಕ್ಕದ ಹತ್ತಾರು ಕೊಟ್ಟಿಗೆಯವರು ಸೇರಿ ಒಂದು ದೊಡ್ಡ ಘಟಕ ಕಟ್ಟುವಂತಾದರೆ ಆಗ ಮತ್ತೆ ಯೋಚಿಸಬಹುದು. ಉಳಿದ ಗ್ಯಾಸ್‌ನಿಂದ ಜನರೇಟರ್ ಓಡಿಸಿ. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ ಎರಡಕ್ಕೂ ಕರೆಂಟ್ ಸಿಗುತ್ತದೆ. ಬಯೋಗ್ಯಾಸ್‌ಗೆಂದೇ ಮಾಡಿದ ಎಂಜಿನ್ ಕಾರ್ಬನ್ ಡೈಆಕ್ಸೈಡ್ ಇದ್ದರೂ ಓಡುತ್ತದೆ.

ಎಂಜಿನ್ ತಿನ್ನುವುದು ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್. ಮೆಂಬ್ರೇನ್ ಹಾಕುವವರೂ ಇದನ್ನೂ ನೀರಿನ ಅಂಶವನ್ನೂ ಮೊದಲೇ ತೆಗೆಯಲೇಬೇಕು. ನಿಮಗೆ ಸುಲಭದ ದಾರಿ ಇದೆ. ಲೇತ್ ಅಂಗಡಿಯಿಂದ ಕಬ್ಬಿಣದ ಸುರುಳಿ ಚೂರು ತಂದು, ನೀರು ಚಿಮುಕಿಸಿ ತುಕ್ಕು ಹಿಡಿಸಿ, ಗ್ಯಾಸ್ ಪೈಪಿನ ದಾರಿಯಲ್ಲಿ ಡಬ್ಬಿಯೊಳಗೆ ತುಂಬಿ. ಕಂದು ಬಣ್ಣದ ತುಕ್ಕು ದಿನ ಕಳೆದಂತೆ ಕಪ್ಪಾಗುತ್ತದೆ. ಪೂರ್ತಿ ಕಪ್ಪಾಯಿತೆಂದರೆ ವಾಲ್ವ್ ಮುಚ್ಚಿ, ಬಯಲಿನಲ್ಲಿ ಡಬ್ಬಿ ತೆಗೆದು ಚೂರನ್ನು ತೆಳ್ಳಗೆ ಹರಡಿ. ಗಾಳಿ ತಾಗಿ ಮತ್ತೆ ಕಂದು ಬಣ್ಣಕ್ಕೆ ಬರುತ್ತದೆ, ಮತ್ತೆ ಬಳಸಬಹುದು. ಹರಡಿದಾಗ ಅದು ಚೆನ್ನಾಗಿ ಬಿಸಿಯಾಗುತ್ತದೆ, ಬೆಂಕಿಯೂ ಹತ್ತಬಹುದು. ಹುಲ್ಲಿನ ಬಣವೆಯಿಂದ ದೂರ ಹರಡಿ, ಆಗಾಗ ನೀರು ಚಿಮುಕಿಸುತ್ತಿರಿ.