ನಿಮ್ಮ ಎಂಆರ್‌ಎನ್‌ಎ ಲೇಖನ ಓದಿದೆ, ಹೀಗೇ ಹಾಕೋಕೆ ಆಗಲ್ಲ

ನಮಸ್ಕಾರ. ಗ್ರೋತ್ ಫ್ಯಾಕ್ಟರ್ (ಕೋಶಗಳಿಗೆ ಬೆಳೀರಿ ಅನ್ನೋ ಪ್ರೋಟೀನ್) ಜೀನ್‌ಗಳ ಎಂಆರ್‌ಎನ್‌ಎನ, ಅಂದ್ರೆ ಪ್ರೋಟೀನ್ ಮಾಡೋಕೆ ಜೀನ್‌ನಿಂದ ತೆಗೆದ ನಕಲು ಸಂದೇಶನ, ಜೀವಕೋಶ ಹೇಗೆ ಹದ ಮಾಡ್ತದೆ ಅಂತ ಕುಮಟಾದಿಂದ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರೋ ಹಾಗೆ ಹಾಕಲ್ಲ, ಆದ್ರೆ ಕೈಬಿಡಬೇಡಿ, ಒಳಗೆ ಒಳ್ಳೇ ಸರಕಿದೆ.

"ಸ್ಪ್ಲೈಸಿಂಗ್ ಅಂದ್ರೆ ಅಡಕೆ ಸಿಪ್ಪೆ ಸುಲಿದ ಹಾಗೆ" ಅಂತ ಬರ್ದಿದೀರಿ. ಶಿರಸಿಲಿ ಈಗ ಕೊನೆ ಕೊಯ್ಲು, ನಿನ್ನೆ ರಾತ್ರಿ ಸುಲೀತಾ ಕೂತಿದ್ದ ಅತ್ತಿಗೆಗೆ ಆ ಪ್ಯಾರಾ ಓದಿ ಹೇಳಿದೆ, ಅವರು ಮೆಟ್ಟುಗತ್ತಿ ಮೇಲೆ ಕೈ ನಿಲ್ಸಿ "ಸಿಪ್ಪೆ ಇರೋದು ಹೊರಗಲ್ದಾ, ಇದು ನಡುವಿಂದ ತೆಗಿಯೋ ವಿಷ್ಯ ಅಲ್ವಾ" ಅಂದ್ರು. ಅವರು ಹೇಳಿದ್ದೇ ಸರಿ. ಸಂದೇಶದ ಕಚ್ಚಾ ಪ್ರತೀಲಿ ಇಂಟ್ರಾನ್‌ಗಳು, ಅಂದ್ರೆ ತೆಗೆದುಹಾಕೋ ತುಂಡುಗಳು, ಇರೋದು ನಡುನಡುವೆ, ಅವನ್ನ ಕತ್ತರಿಸಿ ತೆಗೆದು ಉಳಿದ ತುಂಡುಗಳಾದ ಎಕ್ಸಾನ್‌ಗಳ ತುದಿಗೆ ತುದಿ ಸೇರಿಸ್ಬೇಕು. ನೀವು ಕಡಲ ಬದಿಯವರು, ದೋಣಿ ಹಗ್ಗ ಲಡ್ಡಾದ್ರೆ ಆ ತುಂಡು ಕತ್ತರಿಸಿ ಎರಡೂ ತುದಿ ಎಳೆ ಬಿಚ್ಚಿ ಗಂಟೇ ಇಲ್ದೆ ಹೆಣೆಯೋದನ್ನ ನೋಡಿರ್ತೀರಿ, ಸ್ಪ್ಲೈಸಿಂಗ್ ಅನ್ನೋ ಹೆಸರು ಬಂದಿದ್ದೇ ಆ ಹಗ್ಗದ ಕೆಲಸದಿಂದ. ಅದನ್ನ ಬರೀರಿ.

ಇನ್ನು ಸ್ಪ್ಲೈಸಿಂಗ್ ನೀವು ಬರ್ದ ಹಾಗೆ "ಇತ್ತೀಚೆಗೆ ಪತ್ತೆಯಾದದ್ದು" ಅಲ್ಲ. 1977ರಲ್ಲೇ ನೆಗಡಿ ತರೋ ಅಡೆನೋವೈರಸ್‌ನಲ್ಲಿ ಕಂಡಿದ್ದು, ಅದನ್ನ ಕಂಡುಹಿಡಿದ ಫಿಲಿಪ್ ಶಾರ್ಪ್, ರಿಚರ್ಡ್ ರಾಬರ್ಟ್ಸ್ ಇಬ್ಬರಿಗೂ 1993ರಲ್ಲಿ ನೊಬೆಲ್ ಬಂತು. ತಿದ್ದಿ.

ನನಗೆ ಬೇಜಾರಾಗಿದ್ದು ಬೇರೆ ಕಡೆ. ರಕ್ತನಾಳ ಚಿಗುರಿಸೋ ವಿಇಜಿಎಫ್-ಎ ಅನ್ನೋ ಗ್ರೋತ್ ಫ್ಯಾಕ್ಟರ್ ಬಗ್ಗೆ ನಾಲ್ಕನೇ ಪುಟದಲ್ಲಿ ಒಂದೇ ಸಾಲು ಬರ್ದು ಮುಂದೆ ಹೋಗಿದೀರಿ, ಲೇಖನದ ಜೀವ ಇರೋದೇ ಅಲ್ಲಿ! ಜೀನ್ ಒಂದೇ, ಎಕ್ಸಾನ್ ಎಂಟು. 6, 7ನೇ ಎಕ್ಸಾನ್ ಎರಡನ್ನೂ ಬಿಟ್ಟು ಸೇರಿಸಿದ್ರೆ 121 ಅಮೈನೋ ಆಮ್ಲದ ಪ್ರೋಟೀನ್, ಅದು ಕೋಶದಿಂದ ಹೊರಬಿದ್ದು ಸಲೀಸಾಗಿ ದೂರ ಹರೀತದೆ. 6, 7 ಎರಡೂ ಉಳಿದ್ರೆ 189 ಅಮೈನೋ ಆಮ್ಲದ್ದು, ಅದು ಕೋಶದ ಅಕ್ಕಪಕ್ಕದ ಜಾಲಕ್ಕೇ ಅಂಟ್ಕೊಂಡು ಕೂರ್ತದೆ. 6 ಮಾತ್ರ ಬಿಟ್ಟ 165 ಎರಡರ ನಡುವಿಂದು, ಸ್ವಲ್ಪ ಅಂಟ್ತದೆ ಸ್ವಲ್ಪ ಹರೀತದೆ. ಅಂದ್ರೆ ಹೊಸ ರಕ್ತನಾಳಕ್ಕೆ ಕರೆ ಎಷ್ಟು ದೂರ ಮುಟ್ಟಬೇಕು ಅನ್ನೋದು ಕತ್ತರಿಸಿ ಸೇರಿಸೋ ಹೊತ್ತಿಗೇ ಅರ್ಧ ತೀರ್ಮಾನ ಆಗಿರ್ತದೆ. ಇಲ್ಲಿಂದ ಶುರು ಮಾಡಿ, ಡಿಎನ್‌ಎ ಅಂದ್ರೇನು ಅನ್ನೋ ಮೊದಲೆರಡು ಪುಟ ತೆಗೀರಿ.

ಒಂದು ಬಿಟ್ಟೂ ಹೋಗಿದೆ. ಈ ಎಂಆರ್‌ಎನ್‌ಎ ಕೊನೇಲಿ ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಎ, ಯು ಎರಡೇ ತುಂಬಿದ ಜಾಗ ಇರ್ತದೆ, ಅದರಿಂದ ಸಂದೇಶ ಬೇಗ ಅಳಿದು ಹೋಗ್ತದೆ, ಬೆಳೀರಿ ಅನ್ನೋ ಮಾತು ಸುಮ್ನೆ ಕೇಳ್ತಾನೇ ಇರಬಾರದಲ್ಲ. ಆಕ್ಸಿಜನ್ ಕಮ್ಮಿಯಾದಾಗ ಎಚ್‌ಯುಆರ್ ಅನ್ನೋ ಪ್ರೋಟೀನ್ ಅಲ್ಲಿ ಬಂದು ಹಿಡ್ಕೊಂಡು ಅದರ ಆಯಸ್ಸು ಜಾಸ್ತಿ ಮಾಡ್ತದೆ. ಇದಕ್ಕೊಂದು ಪುಟ ಕೊಡಿ.

ಸುಗ್ಗಿ ಹುಣ್ಣಿಮೆ ಒಳಗೆ ಕಳಿಸಿ, ಜಾಗ ಇಟ್ಟಿರ್ತೇನೆ.